ಆಮೇಲೆ ಬಂದವರ ಬಟನ್

ಶಿರಾ ಗೇಟ್‌ನಲ್ಲಿ ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಪ್ರಭುದೇವ ಬೆಳಿಗ್ಗೆ ಇನ್ನೂ ಬೀಗ ತೆಗೆಯುತ್ತಿದ್ದ. ಗುಬ್ಬಿಯಿಂದ ಫೋನ್ ಬಂತು. ಅಲ್ಲಿ ವಧು-ವರರ ಮಾಹಿತಿ ಕೇಂದ್ರ ನಡೆಸುವ ನಿವೃತ್ತ ಮೇಷ್ಟ್ರು ಮಹಾದೇವಯ್ಯನವರದು. ಕೇಂದ್ರದ ವೆಬ್‌ಸೈಟ್ ಪ್ರಭುದೇವನ ಕೈಕೆಲಸ. ಪ್ರತಿ ಫೋಟೋದ ಕೆಳಗೆ ಎರಡು ಬಟನ್: ಒಂದು ‘ಒಪ್ಪಿಗೆ’, ಇನ್ನೊಂದು ‘ಬೇಡ’. ಸಂಕ್ರಾಂತಿಯ ಈಚೆಗೆ ಸೇರಿದವರಿಗೆ ಒಂದು ಒಪ್ಪಿಗೆಯೂ ಬಂದಿಲ್ಲ, ಒಂದು ಬೇಡವೂ ಬಂದಿಲ್ಲ ಎಂಬುದು ಮೇಷ್ಟ್ರ ದೂರು.

"ಕುಣಿಗಲ್ ವೀರಭದ್ರಯ್ಯ ಬಂದು ಕೂತವ್ರೆ ಕಣಪ್ಪ. ಮಗಳು ಅಕ್ಷತಾನ ಯಾರೂ ಕೇಳ್ಲಿಲ್ಲ ಅಂತ ಬೇಜಾರು. ಸಂಜೆ ಬಸ್ಸಿಗೆ ಮುಂಚೆ ಅವಳ ಫೋಟೋನ ಪಟ್ಟಿಯಿಂದ ತೆಗೆಸೇ ಹೋಗೋದಂತೆ."

ಇಲ್ಲಿಂದಲೇ ಸರಿಮಾಡಬಹುದು ಎಂದು ಪ್ರಭುದೇವ ಹೇಳಿ ನೋಡಿದ. ಟೀವಿ ರಿಪೇರಿಯವನು ಮನೆಗೆ ಬರುವುದಿಲ್ಲವೇ, ನಿನಗೇನು ಎಂದು ಮೇಷ್ಟ್ರು ಫೋನಿಟ್ಟರು.

ಅಕ್ಷತಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ಪ್ರಭುದೇವನ ಕೈಯಲ್ಲಿ ಬೀಗ ಹಾಗೇ ಉಳಿಯಿತು. ಅಮ್ಮನ ಒತ್ತಾಯಕ್ಕೆ ಅವನ ಫೋಟೋವೂ ಶೆಟ್ಟಿಹಳ್ಳಿಯ ಮನೆಯ ವಿಳಾಸದೊಂದಿಗೆ ಆ ಪಟ್ಟಿಯಲ್ಲಿತ್ತು. ಕುಣಿಗಲ್‌ನಲ್ಲಿ ಗಣಿತ ಹೇಳಿಕೊಡುವ ಆ ಹುಡುಗಿಗೆ ಅವನು ಸಂಕ್ರಾಂತಿ ಆದ ಮರುವಾರವೇ ‘ಒಪ್ಪಿಗೆ’ ಒತ್ತಿದ್ದ. ಉತ್ತರ ಬರಲಿಲ್ಲ. ‘ಬೇಡ’ ಅನ್ನುವಷ್ಟಕ್ಕೂ ತಾನು ಲಾಯಕ್ಕಿಲ್ಲ ಎಂದುಕೊಂಡು ಅವತ್ತಿನಿಂದ ನೆಂದ ಮಂಡಕ್ಕಿಯ ಹಾಗೆ ಓಡಾಡುತ್ತಿದ್ದ. ಬಟನ್ ಒತ್ತಿದರೆ ಸದ್ದಾಗಲಿ ಗುರುತಾಗಲಿ ಇರಬಾರದೆಂದು ವ್ಯವಸ್ಥೆ ಮಾಡಿದವನೂ ಅವನೇ. ಒಂದು ಫೋನಿನೊಳಗೆ ನಾಲ್ಕು ಜನ ಇಣುಕುವ ಮನೆಗಳಿಗೆ ಅದೇ ಸರಿ ಎಂದು ಅವನ ಲೆಕ್ಕ.

ಅಂದರೆ ಬಟನ್ನೇ ಕೆಲಸ ಮಾಡಿಲ್ಲ. ಅವಳು ತನ್ನನ್ನು ಬಿಟ್ಟುಬಿಟ್ಟಿಲ್ಲ, ನೋಡಿಯೇ ಇಲ್ಲ! ಪ್ರಭುದೇವ ಹೆಣ್ಣು ನೋಡಲು ಹೊರಟವನ ಹಾಗೆ ತಲೆ ಬಾಚಿಕೊಂಡು ಗುಬ್ಬಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಕಳ್ಳ ಸಿಕ್ಕಿಬಿದ್ದ. ಕಳ್ಳ ಅವನೇ. ಬಟನ್ ಒತ್ತಿದಾಗ ಏನಾಗಬೇಕೆಂದು ಹೇಳಲು ಅವನು ಜೆಕ್ವೆರಿ ಎಂಬ ಸಿದ್ಧ ಕೋಡ್ ಬಳಸಿದ್ದ. ಹಳೆಯ ಪುಟದಲ್ಲಿ ‘ಲೈವ್’ ಎಂಬ ಆಜ್ಞೆ ಇತ್ತು. ಸಂಕ್ರಾಂತಿಯ ದಿನ ಜೆಕ್ವೆರಿಯ ಹೊಸ ಆವೃತ್ತಿ ಹಾಕಿದ. ಅದರಲ್ಲಿ ಲೈವ್ ಅನ್ನು ಕಿತ್ತುಹಾಕಿದ್ದರು. ಅತ್ತ ಅಮ್ಮ ಎಳ್ಳುಬೆಲ್ಲಕ್ಕೆ ಕರೆಯುತ್ತಿದ್ದಳು. ಆತುರದಲ್ಲಿ ಲೈವ್ ಇದ್ದ ಕಡೆಯೆಲ್ಲ ಅದಕ್ಕಿಂತಲೂ ಹಳೆಯ ‘ಬೈಂಡ್’ ಹಾಕಿ, ಮೇಲಿನ ಒಂದೆರಡು ಫೋಟೋ ಒತ್ತಿ ನೋಡಿ ಎದ್ದುಬಿಟ್ಟಿದ್ದ. ಆ ಹಳಬರ ಫೋಟೋ ಪುಟದಲ್ಲೇ ಇದ್ದವು; ಆಮೇಲೆ ಸೇರಿದವರವು ಪುಟ ತೆರೆದುಕೊಂಡ ಮೇಲೆ ಬಂದು ಕೂರುವಂಥವು, ಬೈಂಡ್‌ಗೆ ಅವು ಕಾಣುತ್ತಿರಲಿಲ್ಲ.

ಗುಬ್ಬಿಯಲ್ಲಿ ವೀರಭದ್ರಯ್ಯ ಊರುಗೋಲು ನೆಟ್ಟ ಹಾಗೆ ಕೂತಿದ್ದರು. ಮೇಷ್ಟ್ರ ಹೆಂಡತಿ ಕರಿಬಸಮ್ಮ ಕಾಫಿ ಹಿಡಿದು ಕಂಪ್ಯೂಟರಿನ ಪಕ್ಕವೇ ನಿಂತರು. ಏನು ಕೆಟ್ಟಿತ್ತು ಎಂದು ಎಲ್ಲರಿಗೂ ತಿಳಿಯಬೇಕಿತ್ತು. ಪ್ರಭುದೇವ ಮದುವೆಗೆ ಕರೆಯುವ ಕ್ರಮ ಹಿಡಿದು ವಿವರಿಸಿದ.

"ಬೈಂಡ್ ಅಂದ್ರೆ ಇವತ್ತು ಮನೇಲಿರೋ ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು ಕರೆಯೋದು. ನಾಳೆ ಬರೋ ಸೊಸೆಗೆ ಕರೆ ಇಲ್ಲ. ಲೈವ್ ಅಂದ್ರೆ ಊರ ಬಾಗಿಲಲ್ಲಿ ಒಬ್ಬನ್ನ ನಿಲ್ಸೋದು. ಆಮೇಲೆ ಬಂದೋರಿಗೂ ಕರೆ ಉಂಟು, ಆದ್ರೆ ಪ್ರತಿ ಸುದ್ದೀನೂ ಅಲ್ಲೀವರ‍್ಗೂ ನಡೀಬೇಕು. ಅದಕ್ಕೇ ಡೆಲಿಗೇಟ್ ಅಂತ ಬಂತು. ಆಯಾ ಮನೆ ಹಿರೀರಿಗೆ ಹೇಳಿದ್ರೆ ಮುಂದೆ ಬರೋರೂ ಸೇರಿ ಆಯ್ತು. ಈಗ ‘ಆನ್’ ಒಂದೇ ಸಾಕು, ಎಲ್ಲಾ ಕೆಲ್ಸ ಅದ್ರಲ್ಲೇ."

"ನಮ್ ಮೈದುನನ ಮನೆಯೋರು ಇನ್ನೂ ಬೈಂಡಲ್ಲೇ ಅವ್ರೆ ಬುಡು" ಎಂದರು ಕರಿಬಸಮ್ಮ. "ಗೃಹಪ್ರವೇಶಕ್ಕೆ ನನ್ನ ಕರೀಲೇ ಇಲ್ಲ."

ಪ್ರಭುದೇವ ಬೈಂಡ್ ಎಂದಿದ್ದ ಕಡೆಯೆಲ್ಲ ಆನ್ ಎಂದು ಬರೆದ. ಏನೂ ಆಗಲಿಲ್ಲ. ಒಬ್ಬೊಬ್ಬರನ್ನೇ ಕರೆಯುವ ಹಳೇ ಪದ್ಧತಿಯೇ ಹೊಸ ಹೆಸರಲ್ಲಿ ಉಳಿದಿತ್ತು. ಹೋಟೆಲಿನ ಬೋರ್ಡ್ ಬದಲಾಯಿತು, ಸಾರು ಅದೇ ಎಂದು ಮೇಷ್ಟ್ರು ಗೊಣಗಿದರು.

ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಅವನು ಕರೆಯನ್ನು ಮನೆಯ ಹಿರಿಯರಿಗೇ ಹೇಳಿದ. ಅಂದರೆ ಇಡೀ ಪಟ್ಟಿಗೇ ಕಟ್ಟಿದ. ಆದರೆ ಯಾವುದನ್ನು ಒತ್ತಿದರೆ ಓಗೊಡಬೇಕೆಂದು ಹೇಳಲು ಮರೆತ. ಮಗಳ ಖಾತೆಯನ್ನು ತಮ್ಮ ಫೋನಿನಲ್ಲಿ ತೆರೆದುಕೊಂಡಿದ್ದ ವೀರಭದ್ರಯ್ಯ ಶಿರಾ ಕಡೆಯ ಒಬ್ಬ ವರನ ಫೋಟೋದ ಮೇಲೆ ಬೆರಳಿಟ್ಟು, "ಇವನ ಮೀಸೆ ನೋಡಿ ಮೇಷ್ಟ್ರೇ, ತೆಂಗಿನ ಗರಿ ಇದ್ದಂಗೈತೆ" ಎಂದರು. ಬೆರಳು ತಾಗಿದ್ದೇ ಒಪ್ಪಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮೀಸೆಯವನೇ ಫೋನ್ ಮಾಡಿ, ಹೆಣ್ಣು ನೋಡಲು ಎಷ್ಟು ಜನ ಬರಬಹುದು ಎಂದು ಕೇಳಿದ. ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ಮೇಷ್ಟ್ರ ಗಂಟಲೊಣಗಿತು. ವೀರಭದ್ರಯ್ಯ ಚಪ್ಪಲಿ ಮೆಟ್ಟಿಕೊಂಡರು.

"ತೆಗೆದ್ಬುಡಿ ಫೋಟೋನ. ಸಾಕು."

"ಒಂದೇ ನಿಮಿಷ ಅಂಕಲ್" ಎಂದ ಪ್ರಭುದೇವನ ಧ್ವನಿಯಲ್ಲಿ ಇದ್ದ ಅಳು ಕರಿಬಸಮ್ಮನಿಗೆ ಮಾತ್ರ ಕೇಳಿತು. ಒಪ್ಪಿಗೆ, ಬೇಡ, ಈ ಎರಡು ಬಟನ್ ಒತ್ತಿದರೆ ಮಾತ್ರ ಓಗೊಡು, ಅವು ಯಾವಾಗಲಾದರೂ ಬಂದಿರಲಿ ಎಂದು ಒಂದು ಸಾಲು ತಿದ್ದಿದ. ಮೇಷ್ಟ್ರು ಫೋಟೋ ಒತ್ತಿದರು, ಏನೂ ಇಲ್ಲ. ಬಟನ್ ಒತ್ತಿದರು, ಹೋಯಿತು.

ವೀರಭದ್ರಯ್ಯ ಬಾಗಿಲಲ್ಲೇ ನಿಂತು ಮಗಳಿಗೆ ಫೋನ್ ಮಾಡಿ, ಈಗ ಸರಿಹೋಗಿದೆಯಂತೆ, ಒತ್ತಿ ನೋಡವ್ವ ಎಂದರು. ಪ್ರಭುದೇವ ಮೇಜಿನ ಕೆಳಗೆ ತನ್ನ ಫೋನ್ ಹಿಡಿದು ಅಕ್ಷತಾಳ ‘ಒಪ್ಪಿಗೆ’ ಒತ್ತಿದ. ಎದೆಯ ಮೇಲಿನ ರಾಗಿಕಲ್ಲು ಇಳಿದಂತಾಯಿತು.

ಮೇಷ್ಟ್ರು ಕನ್ನಡಕ ಏರಿಸಿ ಪರದೆ ನೋಡಿದರು. "ವೀರಭದ್ರಯ್ಯ, ನಿಮ್ ಮಗಳು ಸಂಕ್ರಾಂತಿ ಆದ್ಮೇಲೆ ಸೇರಿದ ಹೆಬ್ಬೂರು ಕಿರಣ್‌ಕುಮಾರ್‌ಗೆ ಒತ್ತವ್ಳೆ. ಸುದ್ದಿ ಹೋಗಿದ್ದೇ ಅವನೂ ಇವ್ಳಿಗೆ ಒತ್ತವ್ನೆ!"

ಅಪ್ಪ ಮತ್ತೆ ಮಗಳನ್ನು ವಿಚಾರಿಸಿದಾಗ ಸಂಗತಿ ಹೊರಬಿತ್ತು. ಸಂಕ್ರಾಂತಿ ಕಳೆದಾಗಿನಿಂದ ಅವಳು ಅವನಿಗೆ ಒತ್ತುತ್ತಲೇ ಇದ್ದಳಂತೆ. ಉತ್ತರ ಬಾರದೆ, ‘ಬೇಡ’ ಅನ್ನುವಷ್ಟಕ್ಕೂ ತಾನು ಲಾಯಕ್ಕಿಲ್ಲ ಎಂದುಕೊಂಡಿದ್ದಳಂತೆ.

"ಇನ್ನೊಂದು ಬಂದೈತಲ್ಲ" ಎಂದರು ಮೇಷ್ಟ್ರು. "ಅಕ್ಷತಾಗೇ. ಪ್ರಭುದೇವ, ಶೆಟ್ಟಿಹಳ್ಳಿ. ಇದು ನೀನೇ ಅಲ್ವೇನಪ್ಪ?"

ಮೂವರೂ ಅವನ ಕಡೆ ತಿರುಗಿದರು.

"ಟೆಸ್ಟಿಂಗ್ ಸಾರ್" ಎಂದ ಪ್ರಭುದೇವ.

ಮೇಷ್ಟ್ರು ತಲೆದೂಗಿ ಮತ್ತೆ ಪರದೆಗೆ ಬಾಗಿದರು. "ಒಳ್ಳೇದಾಯ್ತು. ಅವ್ಳು ‘ಬೇಡ’ ಒತ್ತವ್ಳೆ. ಅದೂ ಕೆಲ್ಸ ಮಾಡ್ತೈತೆ ಕಣಪ್ಪ."

ಪ್ರಭುದೇವ ಲ್ಯಾಪ್‌ಟಾಪ್ ಮುಚ್ಚಿದ. ವಿಚಿತ್ರವೆಂದರೆ ಅವನಿಗೆ ಹಗುರವೇ ಅನಿಸಿತು. ಕೊನೆಗೂ ಒಂದು ಉತ್ತರ ಬಂದಿತ್ತು. ಕರಿಬಸಮ್ಮ ಅವನಿಗೊಬ್ಬನಿಗೇ ಎರಡನೇ ಲೋಟ ಕಾಫಿ ತಂದಿಟ್ಟರು.

ಬಸ್ಸು ಹಿಡಿಯಲು ಹೊರಟ ವೀರಭದ್ರಯ್ಯ ತಿರುಗಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ನಿನ್ನಿಂದ ಆಯ್ತಪ್ಪ ಈ ಮದ್ವೆ. ಮೊದಲ್ನೇ ಲಗ್ನಪತ್ರಿಕೆ ನಿಮ್ಮನೆಗೇ. ಬೈಂಡಲ್ಲ, ನಿಮ್ಮಮ್ಮನಿಗೇ ಹೇಳಿ ಹೋಗ್ತೀನಿ. ಅಷ್ಟೊತ್ತಿಗೆ ಸೊಸೆ ಬಂದಿದ್ರೆ ಅವಳಿಗೂ ಸೇರಿ ಆಯ್ತು."