ಚರಿತ್ರೆ ಪಾಠಕ್ಕೆ ಅರಸ ಬರಲಿಲ್ಲ

ಬೇರೆಯವರು ತಪ್ಪು ಮಾಡಿ ಬುದ್ಧಿ ಕಲಿಯುತ್ತಾರೆ. ನಾನು ಬುದ್ಧಿ ಕಲಿಸಲು ಹೋಗಿ ತಪ್ಪು ಮಾಡಿದವನು. ಮಕ್ಕಳ ಮುಂದೆ ಬೆತ್ತ ಹಿಡಿದು ನಿಂತೆನೆಂದರೆ ಏನಾದರೊಂದು ಆಗಿಯೇ ತೀರುತ್ತಿತ್ತು.

ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲ. ಕಂಪ್ಲಿಯವನಾದ ನಾನು ಹೊಸಪೇಟೆಯಲ್ಲಿ ಮೇಷ್ಟರ ಟ್ರೈನಿಂಗ್ ಓದುತ್ತಿದ್ದೆ. ಪಾಠ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಹಿಂದಿನ ವರ್ಷವೇ ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಸರ್ಟಿಫಿಕೇಟಿಲ್ಲ, ನೌಕರಿಯಿಲ್ಲ. ಸೋದರಮಾವನ ಅಕ್ಕಿ ಮಿಲ್ಲಿನಲ್ಲಿ ತೌಡಿನ ಚೀಲ ಹೊರುವುದೇ ಗತಿ. ಮಾವ ಆಗಲೇ ಹೇಳಿ ಕಳಿಸಿದ್ದ: "ಅವಸರ ಬ್ಯಾಡ, ಫೇಲಾಗೇ ಬಾ. ಚೀಲ ಎಲ್ಲಿಗೂ ಓಡಿಹೋಗಂಗಿಲ್ಲ."

ನಮ್ಮ ಟ್ರೈನಿಂಗ್ ಮೇಷ್ಟರದು ಒಂದೇ ವೇದವಾಕ್ಯ: "ಉತ್ತರ ನೀನು ಹೇಳಬಾರದು. ಪ್ರಶ್ನೆ ಕೇಳಿ ಕೇಳಿ ಮಕ್ಕಳ ಬಾಯಿಂದಲೇ ಬರಿಸಬೇಕು." ನನ್ನನ್ನು ಕೆಡಿಸಿದ್ದು ಈ ಮಾತೇ ಎಂದು ಇವತ್ತಿಗೂ ನನ್ನ ವಾದ.

೧. ಕಲೆಕ್ಟರರ ಮೇಲಿನವರು

ಪರೀಕ್ಷೆಗೆ ಮುಂಚಿನ ಅಭ್ಯಾಸದ ಮೊದಲ ಪಾಠ ಹೊಸಪೇಟೆಯಲ್ಲೇ. ವಿಷಯ, ವಿಜಯನಗರದ ಅರಸರು. ಹಿಂದಿನ ಬೆಂಚಿನಲ್ಲಿ ತಪ್ಪು ಹುಡುಕಲು ನನ್ನ ಜೊತೆಯವರು ಹತ್ತು ಮಂದಿ, ಬಾಗಿಲ ಪಕ್ಕದಲ್ಲಿ ಮೇಷ್ಟರು. "ಅರಸ" ಎಂಬ ಶಬ್ದವನ್ನು ನಾನು ಉಚ್ಚರಿಸುವಂತಿಲ್ಲ, ಮಕ್ಕಳೇ ಅನ್ನಬೇಕು. ಪೀಠಿಕೆ ಹಾಕಿದೆ.

"ಹಳ್ಳಿಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?"

"ಗೌಡ್ರು ಸಾರ್."

"ಅವರಿಗಿಂತ ದೊಡ್ಡವರು?"

"ತಹಶೀಲ್ದಾರ್ರು."

"ಅವರಿಗಿಂತ?"

"ಕಲೆಕ್ಟರ್ ಸಾಹೇಬ್ರು!"

ಇನ್ನೊಂದೇ ಮೆಟ್ಟಿಲು, ಅರಸ ಸಿಕ್ಕೇಬಿಟ್ಟ ಎಂದು ನನಗೆ ಒಳಗೊಳಗೇ ಸಂಭ್ರಮ. "ಭೇಷ್! ಆ ಕಲೆಕ್ಟರ್ ಸಾಹೇಬರೂ ತಲೆ ಬಾಗಿಸಿ ಹೇಳಿದ ಹಾಗೆ ಕೇಳಬೇಕಾದವರು ಯಾರು?"

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. ಅವಳಪ್ಪ ಕಲೆಕ್ಟರರ ಕ್ಯಾಂಪಿನಲ್ಲಿ ಅಡುಗೆಯವನಂತೆ.

"ದೊರೆಸಾನಿ ಸಾರ್."

ಅಲ್ಲಿಂದ ಮೇಲಕ್ಕೆ ದಾರಿ ಇರಲಿಲ್ಲ. ಸಾಹೇಬರ ಹೆಂಡತಿಯನ್ನು ಆ ಮೆಟ್ಟಿಲಿಂದ ಇಳಿಸುವ ಹೊತ್ತಿಗೆ ಗಂಟೆ ಹೊಡೆಯಿತು. ಮೇಷ್ಟರು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದರು: "ಪೀಠಿಕೆ ಸೊಗಸಾಗಿದೆ. ಅರಸ ಬರಲಿಲ್ಲ."

೨. ಸಂಡೂರಿನ ಸೂಟಿ

ಮುಂದಿನ ಪಾಠಕ್ಕೆ ಮೇಷ್ಟರು ನನ್ನನ್ನು ಸಂಡೂರಿಗೆ ಅಟ್ಟಿದರು. ಅಲ್ಲಿನ ಹೆಡ್‌ಮೇಷ್ಟರು ಅವರ ಸ್ನೇಹಿತರು. ಈ ಸಲ ಪೀಠಿಕೆಯ ಗೊಡವೆಯೇ ಬೇಡ, ಮೊದಲನೆಯ ವಾಕ್ಯದಲ್ಲೇ ಅರಸನನ್ನು ತಂದು ಕೂಡಿಸುತ್ತೇನೆ ಎಂದು ಹಟ ತೊಟ್ಟೆ. ಸಂಡೂರು ಸಂಸ್ಥಾನ, ಅಲ್ಲಿ ಸಾಕ್ಷಾತ್ ಅರಸರೇ ಆಳುತ್ತಿದ್ದಾರೆ ಎಂಬುದು ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಮುಖ ಗಂಭೀರ ಮಾಡಿಕೊಂಡು ಶುರು ಮಾಡಿದೆ: "ಮಕ್ಕಳೇ, ನಮ್ಮ ನಾಡಿನಲ್ಲಿ ಒಬ್ಬರು ಅರಸರಿದ್ದರು. ಬಹಳ ಒಳ್ಳೆಯವರು. ಪ್ರಜೆಗಳೆಂದರೆ ಅವರಿಗೆ ಪ್ರಾಣ."

ಒಬ್ಬ ಗಾಬರಿಯಾಗಿ ಎದ್ದು ನಿಂತ. "ಇದ್ದರು ಅಂದ್ರ? ಯಾವಾಗ ತೀರಿಕೊಂಡ್ರು ಸಾರ್? ಮುಂಜಾನಿ ಮೋಟಾರಿನಾಗ ಹೋಗಿದ್ದು ನೋಡೀನಲ್ರಿ!"

ಮಕ್ಕಳು ತಾವಾಗಿ ಪ್ರಶ್ನೆ ಕೇಳಿದರೆ ಪಾಠ ಗೆದ್ದಂತೆ ಎಂದು ನಮಗೆ ಹೇಳಿಕೊಟ್ಟಿದ್ದರು. ನಾನು ಹಿಗ್ಗಿ, "ಒಳ್ಳೆಯ ಪ್ರಶ್ನೆ! ಯಾವಾಗ? ಯಾರಾದರೂ ಹೇಳಿ ನೋಡೋಣ" ಎಂದೆ.

ಹಿಂದಿನಿಂದ ಒಂದು ಧ್ವನಿ ಬಂತು: "ಯಾವಾಗರ ಆಗ್ಲಿ, ಇವತ್ತು ಸೂಟಿ!"

ನಾನು ಬಾಯಿ ಮುಚ್ಚುವುದರೊಳಗೆ ತರಗತಿ ಖಾಲಿ. ಅರ್ಧ ಗಳಿಗೆಯಲ್ಲಿ ಸುದ್ದಿ ಬಜಾರಿಗೆ ಮುಟ್ಟಿ, ಅಂಗಡಿಯವರು ಬಾಗಿಲು ಎಳೆಯತೊಡಗಿದ್ದರಂತೆ. ಹೆಡ್‌ಮೇಷ್ಟರು ಬರಿಗಾಲಲ್ಲಿ "ಅದಾರ! ಅರಸರು ಆರಾಮ ಅದಾರ!" ಎಂದು ಕೂಗುತ್ತ ಬಜಾರಿನ ತುದಿಯವರೆಗೆ ಓಡಿದರು. ವಾಪಸ್ಸು ಬಂದು, ಏದುಸಿರು ಬಿಡುತ್ತ ನನ್ನ ಮುಂದೆ ಕೈ ಮುಗಿದರು.

"ತಮ್ಮಾ, ನಮ್ಮೂರಾಗ ಅರಸರ ಪಾಠ ಮಾಡಿದ್ರ ವರ್ತಮಾನ ಕಾಲದಾಗ ಮಾಡು. ಭೂತಕಾಲ ಬೇಕಂದ್ರ ಹೊಸಪೇಟಿಗೆ ನಡಿ."

೩. ಒಗೆಯುವ ಕಲ್ಲು

ಬರೀ ಬಾಯಿಮಾತಿನಿಂದ ಪ್ರಯೋಜನವಿಲ್ಲ, ವಸ್ತು ತೋರಿಸಿ ಕಲಿಸು ಎಂದರು ಮೇಷ್ಟರು. ಮೂರನೆಯ ಪಾಠ ಹಂಪಿಯ ಶಾಲೆಯಲ್ಲಿ. ಅಲ್ಲಿ ವಸ್ತುವಿಗೆ ಬರವೇ? ಒಂದು ಮನೆಯ ಹಿತ್ತಲಲ್ಲಿ, ಹೂಬಳ್ಳಿ ಕೆತ್ತಿದ ಕಂಬದ ತುಂಡೊಂದು ಅನಾಥವಾಗಿ ಬಿದ್ದಿತ್ತು. ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೇಲೆ ಇಟ್ಟೆ. ಮೇಜು ನರಳಿತು.

"ಇದು ಯಾವ ಕಾಲದ ಕಲ್ಲು, ಯಾರು ಹೇಳುತ್ತೀರಿ?"

ಉತ್ತರ ಬಂದದ್ದು ಬಾಗಿಲಿನಿಂದ. ಒಬ್ಬ ಅಜ್ಜಿ ಸೊಂಟದ ಮೇಲೆ ಒದ್ದೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. "ಕಲ್ಲು ಯಾವ ಕಾಲದ್ದರ ಇರ್ಲೆಪ್ಪ. ನನ್ನ ಸೀರಿ ಈ ಕಾಲದ್ದು, ಇವತ್ತೇ ಒಗೀಬೇಕು. ಎತ್ತು!"

ಎತ್ತಿದೆ. ಹೊತ್ತು ತಂದಾಗ ಪ್ರಾಚೀನ ವಸ್ತುವಾಗಿದ್ದದ್ದು, ವಾಪಸ್ಸು ಹೊರುವಾಗ ಬರೀ ಭಾರವಾಗಿತ್ತು.

೪. ರಾಯರ ಕಾಲುವೆ

ಕಡೆಗೆ ಪರೀಕ್ಷೆಯ ದಿನ ಬಂತು. ಸ್ಥಳ ಕಮಲಾಪುರ. ಪರೀಕ್ಷಿಸಲು ಬಂದವರು ಶಾಲಾ ಇನ್‌ಸ್ಪೆಕ್ಟರು. ಉದ್ದ ಕೋಟು, ಜರಿ ರುಮಾಲು, ಹೊಳೆಯುವ ಬೂಟು. ಆ ಕಾಲದಲ್ಲಿ ಅಂಥ ವೇಷದವರನ್ನೆಲ್ಲ ನಮ್ಮ ಕಡೆ ಜನ "ರಾಯರು" ಎಂದೇ ಕರೆಯುತ್ತಿದ್ದರು. ವಿಜಯನಗರದ ಅರಸರ ಹೆಸರಿಗೂ ಅದೇ ಬಾಲ. ಈ ಬಾಲದ ಮೇಲೆ ನಾನು ಕಾಲಿಡುತ್ತೇನೆಂದು ಯಾರಿಗೆ ಗೊತ್ತಿತ್ತು?

ವಿಷಯ, ಅರಸರ ಕಾಲದ ನೀರಾವರಿ. ಶಾಲೆಯ ಹತ್ತಿರವೇ ಅರಸರು ತೋಡಿಸಿದ ಕಾಲುವೆ ಹರಿಯುತ್ತಿತ್ತು. ಮಕ್ಕಳನ್ನು ದಂಡೆಯ ಮೇಲೆ ಕೂಡಿಸಿದೆ. ಹುಣಸೆ ಮರದ ಕೆಳಗೆ ಇನ್‌ಸ್ಪೆಕ್ಟರರಿಗೆ ಕುರ್ಚಿ ಹಾಕಿಸಿದೆ. ಪಕ್ಕದ ಗದ್ದೆಯಲ್ಲಿ ನಾಲ್ಕೈದು ರೈತರು ಕೆಲಸ ಮಾಡುತ್ತಿದ್ದರು.

"ಮಕ್ಕಳೇ, ಇದು ಯಾವ ಕಾಲುವೆ?"

"ರಾಯರ ಕಾಲುವಿ ಸಾರ್!"

"ತೋಡಿಸಿದವರು ಯಾರು?"

"ರಾಯರು ಸಾರ್!"

ಎಲ್ಲ ಮಕ್ಕಳ ಬಾಯಿಂದ, ಒಟ್ಟಿಗೆ, ಸರಿ ಉತ್ತರ! ನನ್ನ ಜನ್ಮದಲ್ಲೇ ಹೀಗಾಗಿರಲಿಲ್ಲ. "ಇನ್ನೂ ಗಟ್ಟಿಯಾಗಿ!" ಎಂದು ಉತ್ಸಾಹದಲ್ಲಿ ಬೆತ್ತ ಬೀಸಿದೆ. ಬೆತ್ತದ ತುದಿ ಇನ್‌ಸ್ಪೆಕ್ಟರರ ಕಡೆಗೆ ಹೋಯಿತು.

"ರಾಯರೂ!"

ಗದ್ದೆಯಲ್ಲಿದ್ದ ಹಿರಿಯನೊಬ್ಬ ತಲೆ ಎತ್ತಿದ. ಬೆತ್ತ ನೋಡಿದ, ಕುರ್ಚಿ ನೋಡಿದ. ಸಲಿಕೆ ಅಲ್ಲೇ ನೆಟ್ಟು ದಂಡೆ ಹತ್ತಿ ಬಂದು, ಇನ್‌ಸ್ಪೆಕ್ಟರರ ಕಾಲಿಗೆ ಬಿದ್ದ. ಹಿಂದೆಯೇ ಉಳಿದವರೂ ಬಂದರು.

"ಬಂದ್ರ್ಯಾ ರಾಯರ! ನೀವು ತೋಡಿಸಿದ ಕಾಲುವಿ ನೋಡ್ರಿ, ಹೂಳು ತುಂಬೈತಿ. ನಮ್ಮ ಗದ್ದಿಗೆ ನೀರು ಹತ್ತವಲ್ದು."

"ಅಯ್ಯೋ, ನಾನು ತೋಡಿಸಿಲ್ಲಪ್ಪ!"

"ಹಂಗನಬ್ಯಾಡ್ರಿ. ಇಷ್ಟು ಕೂಸುಗಳು ಸುಳ್ಳು ಹೇಳ್ತಾವೇನ್ರಿ?"

"ನಾನು ಶಾಲೆ ನೋಡೋಕೆ ಬಂದವನು!"

"ಸಾಲಿ ನೋಡಾಕ ಪುರುಸೊತ್ತೈತಿ, ಕಾಲುವಿ ನೋಡಾಕ ಇಲ್ಲೇನ್ರಿ? ಬರ್ರಿ, ಇಳೀರಿ."

ಕೋಟಿನ ತುದಿ ಹಿಡಿದು ಇಳಿಸಿಯೇಬಿಟ್ಟರು. ಒಂದು ಬೂಟು ಕೆಸರಿನಲ್ಲಿ ಕಣಕಾಲಿನವರೆಗೆ ಹೂತುಹೋಯಿತು. ಇನ್‌ಸ್ಪೆಕ್ಟರರು ನನ್ನ ಕಡೆ ತಿರುಗಿ ಕಿರುಚಿದರು: "ಏನಯ್ಯಾ ನೋಡ್ತಾ ನಿಂತಿದ್ದೀಯ! ತೋಡಿಸಿದವರು ಯಾರು ಅಂತ ಇವರಿಗೆ ಹೇಳು!"

ಪಾಠ ಕೆಟ್ಟಿತು, ನೌಕರಿ ಹೋಯಿತು ಎಂದುಕೊಂಡೆ. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಉರು ಹೊಡೆದ ಮಾತು ಮಾತ್ರ: "ಉತ್ತರ ನಾನು ಹೇಳಬಾರದು ಸಾರ್. ಹೇಳಿದರೆ ಫೇಲು."

"ಹೇಳಯ್ಯಾ ಮಾರಾಯ! ನೀನು ಪಾಸು! ಹೇಳಿ ಬಿಡಿಸು ಮೊದಲು!"

ನಾಚಿಕೆ ಬಿಟ್ಟು ಹೇಳುತ್ತೇನೆ: ನಾನು ಟಿಪ್ಪಣಿ ಪುಸ್ತಕವನ್ನೂ ಪೆನ್ಸಿಲನ್ನೂ ಅವರ ಮುಂದೆ ಹಿಡಿದೆ. ಒಂದು ಕಾಲು ಕೆಸರಿನಲ್ಲಿ, ಕೋಟಿನ ತುದಿ ರೈತನ ಕೈಯಲ್ಲಿ, ಹಾಗೇ "ಪಾಸ್" ಎಂದು ಗೀಚಿ ರುಜು ಹಾಕಿದರು. ಪುಸ್ತಕವನ್ನು ಭದ್ರವಾಗಿ ಕಂಕುಳಲ್ಲಿ ಇಟ್ಟುಕೊಂಡ ಮೇಲೆಯೇ ನಾನು ಬಾಯಿ ಬಿಟ್ಟದ್ದು.

"ಯಜಮಾನ್ರ, ಕಾಲುವಿ ತೋಡಿಸಿದ ರಾಯರು ಇವರಲ್ರಿ. ಅವರು ಹಂಪಿಯಾಗ ಆಳಿದ ಅರಸರು. ತೀರಿಕೊಂಡು ನಾನೂರು ವರ್ಷ ಆತು."

ಹಿರಿಯ ತಟ್ಟನೆ ಕೋಟು ಬಿಟ್ಟ. ತಲೆಯ ಮೇಲಿನ ವಸ್ತ್ರ ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ತನ್ನ ಜೊತೆಯವರ ಕಡೆ ತಿರುಗಿ ಹೇಳಿದ:

"ಕೇಳಿದ್ರೇನ್ರಲೇ? ಅದಕ್ಕ ನೋಡ್ರಿ, ಹೂಳು ತೆಗಿಸಾಕ ಯಾರೂ ಬಂದಿಲ್ಲ!"