ಎಡಗಡೆಯ ಬದನೆಕಾಯಿ

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಗುರುಪ್ರಸಾದನಿಗೆ ಜ್ಞಾನೋದಯವಾಯಿತು. ತಾನು ಇಷ್ಟು ವರ್ಷ ಉಂಡ ಊಟದ ತಟ್ಟೆಯಲ್ಲಿ ಖಾಲಿ ಜಾಗವೇ ಇರಲಿಲ್ಲ!

"ಗೋದಾವರಿ, ಇದೆಂತಾ ಬಡಿಸೂದು?" ಎಂದು ತಟ್ಟೆಯನ್ನು ಮುಂದಕ್ಕೆ ತಳ್ಳಿ, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದ. "ಅನ್ನ ನಡುವಿಗೆ, ಬಂಗಡೆ ಸಾರು ಅದ್ರ ಮೇಲೆ, ಪಲ್ಯ ಅದಕ್ಕೆ ತಾಗ್ಕಂಡು, ಉಪ್ಪಿನಕಾಯಿ ಎಲ್ಲದ್ರ ಮೇಲೆ. ಕಣ್ಣಿಗೆ ಉಸಿರಾಡೂಕೆ ಜಾಗ ಬೇಡ್ವಾ?"

"ಕಣ್ಣಲ್ಲಿ ಉಸಿರಾಡೂದು ಯಾವಾಗಿಂದ ಶುರು ಮಾಡಿದ್ರಿ?"

"ಖಾಲಿ ಜಾಗನೂ ಮಾತಾಡ್ತದೆ ಮಾರಾಯ್ತಿ. ನೀತಾ ಮೇಡಮ್ಮೇ ಹೇಳಿದ್ದು."

"ಹಾಗಾರೆ ಅದ್ರ ಹತ್ರನೇ ಮಾತಾಡ್ತಾ ಊಟ ಮಾಡಿ. ನಂಗೆ ಪಾತ್ರೆ ತೊಳೂಕೆ ಅದೆ," ಎಂದು ಗೋದಾವರಿ ಎದ್ದು ಹೋದಳು.

ಈ ನೀತಾ ಮೇಡಮ್ ಯಾರು ಅನ್ನುವುದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರು ಇಲ್ಲದ್ದನ್ನೆಲ್ಲ ಯೋಚಿಸುತ್ತಾರೆ. ಗುರುಪ್ರಸಾದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಉಗ್ರಾಣ ವಿಭಾಗದ ನೌಕರ. ಕಾರವಾರದಲ್ಲಿ ಬಾಡಿಗೆ ಮನೆ, ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು, ನಡುವೆ ನಟ್ಟು, ಬೋಲ್ಟು. ಆಯುಧಪೂಜೆಗೆ ಆಫೀಸಿನ ಬಾಗಿಲಿಗೆ ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು ಮಾತ್ರ ಪ್ರತಿವರ್ಷ ಅವನದೇ ಕೆಲಸ. ಹೋದ ಸಲ ಯಾರೋ "ನಿಮ್ಮ ಕೈಲಿ ಕಲೆ ಅದೆ" ಅಂದುಬಿಟ್ಟರು. (ಚಹಾ ಕುಡಿಯುತ್ತಾ ಅಂದ ಮಾತು. ಅಂದವರು ಅಲ್ಲೇ ಮರೆತರು, ಇವನು ಮರೆಯಲಿಲ್ಲ.) ಅಷ್ಟರಲ್ಲಿ ಕಾರವಾರದ ಕಾಲೇಜೊಂದು ಭಾನುವಾರಗಳಂದು ಹೊರಗಿನವರಿಗೂ ಪ್ರಾಥಮಿಕ ಕಲಾ ತರಗತಿ ನಡೆಸುತ್ತದೆ ಎಂದು ತಿಳಿಯಿತು. ಮೊದಲ ಪಾಠವೇ 'ದ್ವಿ-ಆಯಾಮ ವಿನ್ಯಾಸ'.

"ಹಂಗಂದ್ರೆ?" ಎಂದು ಗೋದಾವರಿ ಕೇಳಿದ್ದಳು.

"ಉದ್ದ ಮತ್ತು ಅಗಲ, ಎರಡೇ. ದಪ್ಪ ಇಲ್ಲ."

ಅವಳು ಗಂಡನ ಹೊಟ್ಟೆಯನ್ನು ನೋಡಿ, "ಮತ್ತೆ ನಿಮ್ಗೆ ಸೀಟು ಹ್ಯಾಂಗೆ ಸಿಕ್ತು?" ಎಂದಿದ್ದಳು.

ತರಗತಿಯಲ್ಲಿ ಉಳಿದವರೆಲ್ಲ ಪಿಯುಸಿ ಮುಗಿಸಿದ ಮಕ್ಕಳು. ಅವರು ಇವನನ್ನು ಅಂಕಲ್ ಎಂದು ಕರೆದು ಹಿಂದಿನ ಬೆಂಚು ಬಿಟ್ಟುಕೊಟ್ಟರು. ಪಾಠ ಮಾಡುವ ನೀತಾ ಮೇಡಮ್ಮೂ ಇವನ ಅರ್ಧ ವಯಸ್ಸಿನವರೇ. ಮೊದಲ ದಿನ ಬಿಳಿ ಚೌಕದಲ್ಲಿ ಒಂದು ಕಪ್ಪು ಚುಕ್ಕಿ ಅಂಟಿಸಲು ಹೇಳಿದರು. ಗುರುಪ್ರಸಾದ ಹಣೆಗೆ ಕುಂಕುಮ ಇಡುವ ಹಾಗೆ ಸರಿಯಾಗಿ ನಡುವಿಗೆ ಅಂಟಿಸಿದ. "ಇದು ನಿದ್ದೆ ಮಾಡ್ತಿದೆ ಗುರುಪ್ರಸಾದ್ ಅವರೇ, ಸ್ವಲ್ಪ ಎಬ್ಬಿಸಿ," ಎಂದರು ಮೇಡಮ್. ಮಕ್ಕಳು ನಕ್ಕರು. ಗುರುಪ್ರಸಾದ ಆವತ್ತೇ ಹಟ ಹಿಡಿದ. ಈ ಮೇಡಮ್ಮಿನ ಬಾಯಲ್ಲಿ ಒಂದು ಸಲವಾದರೂ 'ಭೇಷ್' ಅನ್ನಿಸಿಕೊಳ್ಳಬೇಕು.

ಮುಂದಿನ ವಾರಗಳಲ್ಲಿ ಅವನು ಕಲಿತದ್ದು ಬಹಳ. ಖಾಲಿ ಜಾಗವೂ ಚಿತ್ರದ ಭಾಗ. ಎಡಕ್ಕೂ ಬಲಕ್ಕೂ ಒಂದೇ ತರಹ ಇಟ್ಟರೆ ಅದು ಸುಲಭದ ಸಮತೋಲನ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ: ಬಲಗಡೆ ತಿಳಿ ಬಣ್ಣದ ದೊಡ್ಡ ಆಕಾರ, ಎಡಗಡೆ ದೂರದಲ್ಲಿ ಗಾಢ ಬಣ್ಣದ ಪುಟ್ಟ ಆಕಾರ. "ಆ ಪುಟ್ಟದು ಈ ದೊಡ್ಡದನ್ನು ತೂಗಿಸ್ತದೆ, ಕಾಗದದ ಮೇಲೆ," ಎಂದಿದ್ದರು ಮೇಡಮ್. ಗುರುಪ್ರಸಾದನ ತಲೆಯೊಳಗೆ ವಾಕ್ಯದ ಮುಕ್ಕಾಲು ಭಾಗ ಭದ್ರವಾಗಿ ಕೂತಿತು. ಕಡೆಯ ಎರಡು ಶಬ್ದ ಕಾಲೇಜಿನ ಗೇಟು ದಾಟಲಿಲ್ಲ.

ಹೀಗಿರುವಾಗ ಚೌತಿ ಬಂತು.

ಗುರುಪ್ರಸಾದನ ಮೂಲ ಮನೆ ಅವರ್ಸಾದಲ್ಲಿ. ತಾಯಿ ನಾಗಮ್ಮ, ಗದ್ದೆ ನೋಡಿಕೊಂಡಿರುವ ಅಣ್ಣ ಹರಿಶ್ಚಂದ್ರ ಅಲ್ಲೇ ಇರುವುದು. ಗಣಪತಿ ಕೂರುವ ಜಾಗದ ಮೇಲೆ ಫಲಾವಳಿ ಕಟ್ಟುವುದು ಆ ಕಡೆಯ ಪದ್ಧತಿ. ಮರದ ಪಟ್ಟಿಗಳ ಚೌಕಟ್ಟೊಂದನ್ನು ಹೆಂಚಿನ ಮಾಡಿನಿಂದ ಇಳಿಬಿಟ್ಟು, ಅದರ ತುಂಬ ಅಡಿಕೆ ಗೊನೆ, ತೆಂಗಿನಕಾಯಿ, ಮೊಗೆಕಾಯಿ ಎನ್ನುವ ದಪ್ಪ ಸೌತೆ, ಚಕ್ಕೋತ, ಹಾಗಲ, ಅಂಬಟೆ, ಕಾಡಿನ ಕಾಯಿ, ಹೂವು, ಹೀಗೆ ಸಿಕ್ಕಿದ್ದನ್ನೆಲ್ಲ ಕಟ್ಟುತ್ತಾರೆ. ಬಂದವರು ಗಣಪತಿಗೆ ಕೈಮುಗಿದ ಕೂಡಲೇ ತಲೆ ಎತ್ತಿ ನೋಡುವುದು ಅದನ್ನೇ. "ಹರಿಶ್ಚಂದ್ರನ ಕೈಯೇ ಕೈ" ಅನ್ನುತ್ತಾರೆ. ಗುರುಪ್ರಸಾದ ಹುಟ್ಟಿದಾರಭ್ಯ ಕೆಳಗೆ ನಿಂತು ಹುರಿ ಎತ್ತಿಕೊಟ್ಟವನು. ಹುರಿ ಕೊಟ್ಟವನ ಕೈಯನ್ನು ಯಾರೂ ಹೊಗಳಿದ್ದಿಲ್ಲ. ಹೇಳಿಕೊಳ್ಳದಿದ್ದರೂ ಅದು ಅವನಿಗೆ ಬಹಳ ದಿನದ ನೋವು.

ಆ ವರ್ಷ ಹರಿಶ್ಚಂದ್ರ ಗದ್ದೆಯಲ್ಲಿ ಜಾರಿ ಬಿದ್ದು ಬಲಭುಜ ಉಳುಕಿಸಿಕೊಂಡ. ಫೋನು ಬಂತು.

"ತಮ್ಮಾ, ಈ ಸಲ ಫಲಾವಳಿ ನೀನೇ ಕಟ್ಟು. ಚಲೋ ಆದ್ರೆ ಮುಂದಕ್ಕೂ ನೀನೇ. ನಂಗೂ ವಯಸ್ಸಾಯ್ತು."

ಅಣ್ಣನಿಗೆ ನೋವಾಗಿದೆಯಲ್ಲ ಎಂದು ದುಃಖಪಡಬೇಕೆಂದು ಗುರುಪ್ರಸಾದನಿಗೆ ನೆನಪಾದದ್ದು ಫೋನು ಇಟ್ಟ ಮೇಲೆ. ಭಾನುವಾರ ತರಗತಿಗೆ ಹೋದವನೇ ನೀತಾ ಮೇಡಮ್ಮಿಗೆ ಚೌತಿಯ ಕರೆ ಕೊಟ್ಟ. "ಅವರ್ಸಾಕ್ಕೆ ಬರ್ಲೇಬೇಕು ಮೇಡಮ್. ನೀವು ಕಲಿಸಿದ್ದು ಎಷ್ಟು ಎತ್ತರಕ್ಕೆ ಹೋಗ್ತದೆ ನೋಡಿ." ಆಮೇಲೆ ಅಲ್ಲೇ ಬಿಳಿ ಕಾಗದದ ಮೇಲೆ ಬಣ್ಣದ ತುಂಡು ಅಂಟಿಸಿ ಫಲಾವಳಿಯ ನಕ್ಷೆಯನ್ನೇ ಮಾಡಿ ಅವರಿಗೆ ತೋರಿಸಿದ.

ಗೋದಾವರಿ ಹಬ್ಬಕ್ಕೆಂದು ಅವನಿಗೆ ಬದನೆಕಾಯಿ ಬಣ್ಣದ ರೇಷ್ಮೆ ಜುಬ್ಬಾ ತಂದಿದ್ದಳು.

"ಇಷ್ಟು ಗಾಢ ಬಣ್ಣ ಕಣ್ಣಿಗೆ ಭಾರ ಆಗ್ತದೆ," ಎಂದ.

"ಹೊರೂದು ಮೈ, ಕಣ್ಣಲ್ಲ. ಸುಮ್ಗೆ ಹಾಕ್ಕಣಿ," ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಚೌತಿಯ ಹಿಂದಿನ ದಿನ ಅವರ್ಸಾದ ಮನೆಯ ನಡುಕೋಣೆಯಲ್ಲಿ ಗುರುಪ್ರಸಾದ ಸ್ಟೂಲು ಹತ್ತಿದ. ಅವರ ಮನೆಯ ಚೌಕಟ್ಟು ನೇತಾಡುವುದು ನಡುವಿನ ಒಂದೇ ಕಬ್ಬಿಣದ ಕೊಕ್ಕೆಗೆ. ನಾಲ್ಕು ಮೂಲೆಯ ಹಗ್ಗಗಳೂ ಅಲ್ಲಿಗೇ ಸೇರುತ್ತವೆ. ಕಟ್ಟುವಾಗ ಅಲ್ಲಾಡದಿರಲಿ ಎಂದು ಎಡತುದಿಯಿಂದ ಕೆಳಗೆ ಗೋಡೆಯ ಗೂಟಕ್ಕೆ ಒಂದು ಹುರಿ ಬಿಗಿದುಕೊಂಡ. ಬಲಗಡೆಗೆ ಮನೆಯಲ್ಲೇ ಬೆಳೆದ ಹಳದಿ ಮೊಗೆಕಾಯಿಗಳಲ್ಲಿ ದೊಡ್ಡದನ್ನು ಆರಿಸಿ ಕಟ್ಟಿದ. ಪಕ್ಕಕ್ಕೆ ಚಕ್ಕೋತ, ಬಾಳೆಗೊನೆ. ಆಮೇಲೆ ಕೆಳಗಿಳಿದು, ದೂರ ನಿಂತು, ಒಂದು ಕಣ್ಣು ಮುಚ್ಚಿ, ಮತ್ತೆ ಹತ್ತಿ, ಎಡತುದಿಗೆ ಒಂದು ಬದನೆಕಾಯಿ ಕಟ್ಟಿದ. ಸ್ಟೂಲು ಬದಿಗಿಟ್ಟ.

ಬಾಂಕಿನ ಮೇಲೆ ಕೂತಿದ್ದ ಹರಿಶ್ಚಂದ್ರ ಕಾದ. ಮತ್ತೂ ಕಾದ.

"ಎಡಗಡೆ ಯಾವಾಗ ಕಟ್ಟೂದು?"

"ಕಟ್ಟಿ ಆಯ್ತಲ್ಲ ಅಣ್ಣ."

"ಎಲ್ಲಿ?"

"ಅದೇ, ಬದನೆಕಾಯಿ."

ಹರಿಶ್ಚಂದ್ರ ಬದನೆಕಾಯಿಯನ್ನು ನೋಡಿದ. ಕೆಳಗೆ ರಾಶಿ ಬಿದ್ದಿದ್ದ ಕಾಯಿಗಳನ್ನು ನೋಡಿದ. "ತಮ್ಮಾ, ಎಡಕ್ಕೆ ನಾಕು ತೆಂಗಿನಕಾಯಿ ಹಾಕು."

"ಬೇಡ ಅಣ್ಣ. ಅಲ್ಲಿ ಖಾಲಿ ಜಾಗ ಬೇಕು. ನೀನು ಕಟ್ಟೂದು ಹಳೇ ಕ್ರಮ. ಇದು ವಿನ್ಯಾಸ. ನಿಂಗೆ ಅರ್ಥ ಆಗೂದಿಲ್ಲ."

ಹರಿಶ್ಚಂದ್ರ ಎದ್ದು ಅಂಗಳಕ್ಕೆ ಹೋದ. ತಾಯಿ ನಾಗಮ್ಮ ಬಂದು ತಲೆ ಎತ್ತಿ ನೋಡಿ, "ಅಯ್ಯಯ್ಯೋ! ಈ ವರ್ಷ ಇವ್ರ ಹಿತ್ತಲಲ್ಲಿ ಎಂತದೂ ಬೆಳೀಲಿಲ್ಲ ಅಂತಾರೋ ಜನ," ಎಂದಳು. ನೆರೆಮನೆಯ ಬೊಮ್ಮು ಬಾಗಿಲಲ್ಲೇ ನಿಂತು, "ಉಳಿದದ್ದು ನಾಳೆ ಕಟ್ಟೂದಾ?" ಎಂದು ವಿಚಾರಿಸಿದ. ಗುರುಪ್ರಸಾದ ಉಳಿದ ಕಾಯಿಗಳನ್ನು ಮೂಲೆಗೆ ಸರಿಸಿದ. ನಾಳೆ ಮೇಡಮ್ ಬಂದು ನೋಡಿದರೆ ಎಲ್ಲರ ಬಾಯಿ ತಾನಾಗಿ ಮುಚ್ಚುತ್ತದೆ ಎಂದುಕೊಂಡ.

ಮರುದಿನ ಗಣಪತಿ ಕೂತಾಯಿತು, ಪೂಜೆ ಆಯಿತು, ಕೇರಿಯ ಜನ ಆರತಿಗೆ ನೆರೆದರು. ನಾಗಮ್ಮ ಆರತಿಯ ಹಾಡು ಎತ್ತಿದಳು. ಹರಿಶ್ಚಂದ್ರ ನೋವಿಲ್ಲದ ಕೈಯಲ್ಲಿ ಜಾಗಟೆ ಹಿಡಿದ. ಬದನೆಕಾಯಿ ಬಣ್ಣದ ಜುಬ್ಬಾ ತೊಟ್ಟ ಗುರುಪ್ರಸಾದ ಬಾಗಿಲ ಕಡೆಗೇ ಕಣ್ಣು ನೆಟ್ಟಿದ್ದ. ಅಗೋ, ಮೇಡಮ್ ಅಂಗಳದ ತುದಿಯಲ್ಲಿ ಚಪ್ಪಲಿ ಬಿಡುತ್ತಿದ್ದಾರೆ! ತನ್ನ ಕೃತಿಯನ್ನು ಕೊನೆಯ ಸಲ ನೋಡಿದ. ಎಡಗಡೆಯ ಆ ಪವಿತ್ರ ಖಾಲಿ ಜಾಗದ ನಡುವೆ ಅಡ್ಡಗೆರೆ ಎಳೆದ ಹಾಗೆ ಗೂಟದ ಹುರಿ ಹಾಗೇ ಇತ್ತು. ಒಂದು ಅನಗತ್ಯ ರೇಖೆ! ಮೇಡಮ್ ನೋಡಿದರೆ ಮಾನ ಹೋದೀತು. ಎರಡು ಹೆಜ್ಜೆ ಹಾಕಿ, ಹುರಿಯ ಗಂಟು ಎಳೆದುಬಿಟ್ಟ.

ಚೌಕಟ್ಟು ಒಂದು ಕ್ಷಣ ಯೋಚಿಸಿತು. ಆಮೇಲೆ ಮೊಗೆಕಾಯಿಯ ಮಾತಿಗೆ ಒಪ್ಪಿ, ಬಲಕ್ಕೆ ನಿಧಾನವಾಗಿ ವಾಲತೊಡಗಿತು. ಬದನೆಕಾಯಿ ಮಾಡಿನ ಕಡೆಗೆ ಏರುತ್ತಾ ಹೋಯಿತು. ಚಕ್ಕೋತ ಹುರಿಯಿಂದ ಜಾರಿ ಧೊಪ್ಪೆಂದು ಪಂಚಕಜ್ಜಾಯದ ಪಾತ್ರೆಯೊಳಗೆ ಬಿತ್ತು. ಮೊಗೆಕಾಯಿ ಗಣಪತಿಯ ಕಿರೀಟದ ಕಡೆಗೆ ಇಳಿಯುತ್ತಿತ್ತು.

"ಹಿಡ್ಕಳ್ರೋ!" ಎಂದು ಗೋದಾವರಿ ಕಿರುಚಿದಳು.

ಗುರುಪ್ರಸಾದ ಹಾರಿ, ಮೇಲೇರುತ್ತಿದ್ದ ಎಡತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಿಂತ. ಚೌಕಟ್ಟು ಗಕ್ಕನೆ ನಿಂತಿತು. ಮೊಗೆಕಾಯಿ ಕಿರೀಟದಿಂದ ಒಂದು ಗೇಣು ಮೇಲೆ ತೂಗಾಡಿತು. ಕೈ ಸಡಿಲಿಸಿದರೆ ಮುಗಿಯಿತು. ಎತ್ತಿದ ಆರತಿಯನ್ನು ನಡುವೆ ನಿಲ್ಲಿಸುವುದು ಆ ಮನೆಯಲ್ಲಿ ಇಲ್ಲ. ನಾಗಮ್ಮ ಮಗನನ್ನು ಕೆಂಗಣ್ಣಿನಿಂದ ನೋಡುತ್ತಾ ಹಾಡು ಮುಂದುವರಿಸಿದಳು. ಅಷ್ಟೇ ಅಲ್ಲ, ಮನೆಗೆ ಹೊಸ ಅತಿಥಿ ಬಂದಿದ್ದಾರೆ ಎಂಬ ಮರ್ಯಾದೆಗೆ ಇನ್ನೆರಡು ಹಾಡು ಸೇರಿಸಿದಳು. ಹರಿಶ್ಚಂದ್ರ ಜಾಗಟೆಯನ್ನು ಯಾವತ್ತಿಗಿಂತ ಜೋರಾಗಿ ಬಡಿದ.

ಆರತಿಯ ತಟ್ಟೆ ಕೈಯಿಂದ ಕೈಗೆ ಹೋಯಿತು. ಸರದಿಯಲ್ಲಿ ಬಂದವರೆಲ್ಲ ಗಣಪತಿಯನ್ನು ಒಂದು ಸಲ ನೋಡಿದರು, ಕೈಯೆತ್ತಿ ನಿಂತ ಗುರುಪ್ರಸಾದನನ್ನು ಎರಡು ಸಲ ನೋಡಿದರು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವಂತಿಲ್ಲ. ಜುಬ್ಬಾ ಮೇಲೇರಿ ಹೊಟ್ಟೆ ಹೊರಗೆ ಬಿದ್ದಿತ್ತು, ಎಳೆದುಕೊಳ್ಳುವಂತಿಲ್ಲ. ಬೊಮ್ಮು ಹತ್ತಿರ ಬಂದು, ಭಕ್ತಿಯಿಂದ, "ಇದೂ ವಿನ್ಯಾಸನಾ?" ಎಂದು ಕೇಳಿದ. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜನ ನಕ್ಕದ್ದಕ್ಕಿಂತ ಹೆಚ್ಚು ಚುಚ್ಚಿದ್ದು ನಿನ್ನೆ ಅಣ್ಣನಿಗೆ ಅಂದ ಮಾತು. 'ನಿಂಗೆ ಅರ್ಥ ಆಗೂದಿಲ್ಲ' ಅಂದಿದ್ದನಲ್ಲ, ಅದೂ ತನ್ನನ್ನು ನಂಬಿ ಕೆಲಸ ಬಿಟ್ಟುಕೊಟ್ಟವನಿಗೆ!

ನೀತಾ ಮೇಡಮ್ ಮುಂದೆ ಬಂದರು. ಗಣಪತಿಗೆ ಕೈಮುಗಿದರು. ತಲೆ ಎತ್ತಿ ಫಲಾವಳಿ ನೋಡಿದರು. ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿದರು.

"ಗುರುಪ್ರಸಾದ್ ಅವರೇ, ನಿಮ್ಮ ನಕ್ಷೆಯಲ್ಲಿ ಎಡಗಡೆ ಏನೋ ಸಾಲದು ಅಂತ ನನಗೆ ಅನ್ನಿಸಿತ್ತು. ಈಗ ಸರಿಯಾಯ್ತು ನೋಡಿ. ದೊಡ್ಡದೊಂದು ಗಾಢ ಬಣ್ಣದ ಆಕಾರ ಬೇಕಿತ್ತು. ಭೇಷ್!"

ಅಷ್ಟು ವಾರಗಳಿಂದ ಕಾದ 'ಭೇಷ್' ಅದು. ಕೈ ಬಿಡುವಂತಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದ.

ಆರತಿ ಮುಗಿದ ಮೇಲೆ ಬೊಮ್ಮು ಎಡತುದಿ ಹಿಡಿದುಕೊಂಡ, ಹರಿಶ್ಚಂದ್ರ ಸ್ಟೂಲು ಹತ್ತಿ ಒಂದೇ ಕೈಯಲ್ಲಿ ಎಡಗಡೆಗೆ ತೆಂಗಿನಕಾಯಿ ಸಿಕ್ಕಿಸುತ್ತಾ ಹೋದ. ಕೆಳಗೆ ನಿಂತು ಹುರಿ ಎತ್ತಿಕೊಟ್ಟವನು ಗುರುಪ್ರಸಾದ. ಚೌಕಟ್ಟು ನೆಟ್ಟಗಾಯಿತು.

"ಅಣ್ಣ, ನಿನ್ನೆ ಅಂದದ್ದು... ತಪ್ಪಾಯ್ತು," ಎಂದ ತಗ್ಗಿದ ದನಿಯಲ್ಲಿ.

"ಇರ್ಲಿ ಬಿಡು ತಮ್ಮಾ," ಎಂದ ಹರಿಶ್ಚಂದ್ರ. "ಬರೂ ವರ್ಷ ನಾನೇ ಕಟ್ತೆ. ನೀ ಮಾತ್ರ ಆ ಜುಬ್ಬಾ ಹಾಕ್ಕಂಡೇ ಬಾ. ಎಲ್ಲಾದ್ರೂ ಕಾಯಿ ಕಮ್ಮಿ ಬಿದ್ರೆ ಬೇಕಾಗ್ತದೆ."

ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಫಲಾವಳಿಯನ್ನು ಬಿಚ್ಚಿ ಮನೆಮನೆಗೆ ಹಂಚಿದರು. ಬೊಮ್ಮುವಿಗೆ ಮೊಗೆಕಾಯಿ ಹೋಯಿತು. ಗುರುಪ್ರಸಾದನ ಪಾಲಿಗೆ ಏನು ಬಂತೆಂದು ಬೇರೆ ಹೇಳಬೇಕಾಗಿಲ್ಲ. ಗೋದಾವರಿ ಅದನ್ನು ಜೋಪಾನವಾಗಿ ಸೆರಗಿನಲ್ಲಿ ಕಟ್ಟಿಕೊಂಡು ಕಾರವಾರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳು ಆ ಗಂಟನ್ನು ನೋಡಿ ನಗುತ್ತಿದ್ದಳು. ಅದನ್ನು ಕಂಡೇ ಅವನಿಗೆ ಭಯವಾಯಿತು.

ಮನೆ ಸೇರಿ, ಕೈಕಾಲು ತೊಳೆದು, ಗುರುಪ್ರಸಾದ ಊಟಕ್ಕೆ ಕೂತ. ಗೋದಾವರಿ ತಟ್ಟೆ ತಂದಿಟ್ಟಳು. ತಟ್ಟೆಯ ಎಡತುದಿಯಲ್ಲಿ ಒಂದು ಚಮಚ ಬದನೆಕಾಯಿ ಪಲ್ಯ. ಉಳಿದದ್ದೆಲ್ಲ ಬೆಳ್ಳಗೆ ಹೊಳೆಯುವ ಸ್ಟೀಲು.

ಅವನು ತಟ್ಟೆ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಗೋದಾವರಿ," ಎಂದ ತಲೆ ತಗ್ಗಿಸಿ, "ಒಂಚೂರು ಅನ್ನ ಹಾಕೇ."

"ಹಾಕೂಕೆ ಅಡ್ಡಿಲ್ಲ," ಎಂದಳು ಗೋದಾವರಿ, ಅನ್ನದ ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದು. "ಮೊದ್ಲು ಖಾಲಿ ಜಾಗದ ಹತ್ರ ಒಂದು ಮಾತು ಕೇಳಿ."