ಮಾವನ ವ್ಯಾನಿನ ತಲೆಯ ಮೇಲಿನ ಕೂಲರು

ರಾಯಚೂರಿನಲ್ಲಿ ಬೇಸಿಗೆ ಕಳೆಯುವವನು ತಂಪು ಕೇಳಬಹುದು, ಇಲ್ಲವೇ ನೆಮ್ಮದಿ ಕೇಳಬಹುದು. ಎರಡನ್ನೂ ಒಟ್ಟಿಗೆ ಕೇಳಿದರೆ ದೇವರಿಗೂ ಸಿಟ್ಟು ಬರುತ್ತದೆ. ಈ ಜ್ಞಾನ ನನಗೆ ಆದದ್ದು ಎಂಬತ್ತರ ದಶಕದಲ್ಲಿ, ನನಗೆ ಹೆಣ್ಣು ಕೊಟ್ಟ ಮಾವನ ಕೃಪೆಯಿಂದ. ಅಕ್ಕಿ ಗಿರಣಿ ನಡೆಸುತ್ತಿದ್ದ ಅವರು ಭತ್ತ ಕೊಳ್ಳಲು ಮಾನ್ವಿ, ದೇವದುರ್ಗ ಸುತ್ತಬೇಕಿತ್ತು. ಆದರೆ ಪೂಜೆ ತಪ್ಪಿಸುವಂತಿಲ್ಲ, ಹೊರಗೆ ಉಣ್ಣುವಂತಿಲ್ಲ, ಮಧ್ಯಾಹ್ನ ಮಲಗದೆ ಇರುವುದಂತೂ ಸಾಧ್ಯವೇ ಇಲ್ಲ. ಹೀಗಾಗಿ ಒಂದು ಹಳೆಯ ವ್ಯಾನು ಕೊಂಡು, ಡ್ರೈವರನನ್ನಿಟ್ಟು, ಒಳಗೆ ಮಂಚ, ಸ್ಟೋವು, ದೇವರ ಜಗಲಿ ಎಲ್ಲ ಕೂಡಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗಿರಣಿಯ ಫಿಟ್ಟರನಿಗೆ ಹೇಳಿ ವ್ಯಾನಿನ ತಲೆಯ ಮೇಲೊಂದು ಕೂಲರು ಕೂರಿಸಿದರು: ತಗಡಿನ ಡಬ್ಬಿ, ಸುತ್ತ ಹುಲ್ಲಿನ ಪರದೆ, ತಳದಲ್ಲಿ ನೀರು, ನಡುವೆ ಗಿರಣಿಯಿಂದ ನಿವೃತ್ತಿ ಪಡೆದು ವ್ಯಾನಿನ ಬ್ಯಾಟರಿಗೆ ಗಂಟುಬಿದ್ದ ಒಂದು ಫ್ಯಾನು. ಅದು ಚಾಲೂ ಆಯಿತೆಂದರೆ ಆ ಸಪ್ಪಳಕ್ಕೆ ಮಾನ್ವಿ ದಾರಿಯ ಕಲ್ಮಲ ಊರಿನ ಎಮ್ಮೆಗಳು ಹಾರ್ನಿಗೆ ಕಾಯದೆ ರಸ್ತೆ ಬಿಟ್ಟು ಸರಿಯುತ್ತಿದ್ದವು. ಮಾವನ ಮನೆಯವರಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಗಿರಣಿ ನಿಂತರೆ ಅವರ ಮನೆಯಲ್ಲಿ ತೊಟ್ಟಿಲ ಕೂಸು ಎದ್ದು ಅಳುತ್ತದೆ, ಅಂಥ ವಂಶ ಅದು. ಸಪ್ಪಳ ಎಲ್ಲಿದೆ, ಬರುತ್ತಿರುವುದು ಬರೀ ಗಾಳಿ ಎಂದು ಮಾವ ನನ್ನನ್ನೇ ಕೇಳುತ್ತಿದ್ದರು.

ನನ್ನ ಸಂಕಟ ಬೇರೆ ಇತ್ತು. ನಾನು ಮಾನ್ವಿಯಲ್ಲಿ ಮಾಸ್ತರ, ನನ್ನ ಹೆಂಡತಿ ಗಿರಿಜಾ ರಾಯಚೂರಿನ ತವರಿನಲ್ಲಿ. ಮದುವೆಯಾಗಿ ಎರಡು ವರ್ಷವಾದರೂ ನಾನು ಬೇಯಿಸಿದ ಅನ್ನವನ್ನು ನಾನೇ ಉಂಡು, ನಾನೇ ಬೈದುಕೊಳ್ಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳಿಲ್ಲದೆ ನನಗೆ ಬಹಳ ಬೇಸರವಾಗಿತ್ತು. ಅವಳನ್ನು ಕಳಿಸಿಕೊಡಿ ಎಂದು ಮಾವನನ್ನು ಕೇಳಬೇಕು. ಎಲ್ಲಿ ಕೇಳುವುದು? ಮನೆಯಲ್ಲಿ ಅವರು ಸಿಗುವುದಿಲ್ಲ, ಗಿರಣಿಯಲ್ಲಿ ಯಾರ ಮಾತು ಯಾರಿಗೂ ಕೇಳುವುದಿಲ್ಲ. ಉಳಿದದ್ದು ವ್ಯಾನು. ಸಂಬಂಧಿಕರ ಸೀಮಂತಕ್ಕೆಂದು ದೇವದುರ್ಗಕ್ಕೆ ಹೋಗುವಾಗ ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಅರುಹಿದೆ. ಮಾವ ತುಟಿ ಆಡಿಸಿದರು, ಕೈ ಬೀಸಿದರು. ಆಡಿದ್ದನ್ನೆಲ್ಲ ಕೂಲರು ನುಂಗಿತು. ಕೈ ಬೀಸಿದ್ದು ನೋಡಿದರೆ ‘ಆಗೋದಿಲ್ಲ’ ಎಂದಂತಿತ್ತು. ಎಂಥ ಕಲ್ಲೆದೆಯ ಮನುಷ್ಯ ಎಂದುಕೊಂಡೆ.

ಮೊದಲು ಕೂಲರಿನ ಬಾಯಿ ಮುಚ್ಚಿಸಬೇಕು ಎಂದು ಆಗ ನಿರ್ಧರಿಸಿದೆ. ಅದುವರೆಗೆ ಗೋಡೆಗೆ ಮೊಳೆಯನ್ನೂ ನೆಟ್ಟಗೆ ಹೊಡೆಯದವನು ನಾನು. ಗೋಣಿಚೀಲ ಸುತ್ತಿದೆ, ಸದ್ದು ಉಳಿಯಿತು, ಗಾಳಿ ನಿಂತಿತು. ಬೇರಿಂಗಿಗೆ ಧಾರಾಳವಾಗಿ ಗ್ರೀಸು ಬಳಿದೆ. ಅದು ಬಿಸಿಲಿಗೆ ಕರಗಿ ಪೂಜೆಗೆ ಕೂತ ಮಾವನ ಮಡಿ ಧೋತರದ ಮೇಲೆ ಇಳಿಯಿತು. ಅವರು ಎದ್ದು ಬೇರೆ ಧೋತರ ಉಟ್ಟು ಬಂದು ಕೂತರು, ಅಳಿಯನ ಮರ್ಯಾದೆ ದೊಡ್ಡದು. ಕೊನೆಗೆ ಹಳೆಯ ಟೈರಿನ ಟ್ಯೂಬು ಕತ್ತರಿಸಿ, ಮಡಚಿ, ಕೂಲರಿನ ಕಾಲುಗಳ ಕೆಳಗೆ ತುರುಕಿದೆ. ವ್ಯಾನಿನ ತಗಡಿಗೆ ನಡುಕ ಇಳಿಯುವುದು ತಪ್ಪಿತು. ಆ ರಾಕ್ಷಸ ಬೆಕ್ಕಿನಂತೆ ಗುರುಗುಟ್ಟತೊಡಗಿದ. ಮಾವ ಗಾಬರಿಯಾಗಿ, ಮಿಷನ್ನು ಕೆಟ್ಟಿತೇ ಎಂದು ಎರಡು ಸಲ ಇಳಿದು ನೋಡಿದರು.

ಮುಂದಿನ ಸಲ ಮಾವ ಭತ್ತಕ್ಕೆಂದು, ಗಿರಿಜಾಳನ್ನೂ ನನ್ನನ್ನೂ ಕೂರಿಸಿಕೊಂಡು ಮಾನ್ವಿಗೆ ಹೊರಟಾಗ ಶುರುಮಾಡಿದೆ. ಸಪ್ತಪದಿಯ ಅರ್ಥ, ಒಂಟಿ ಮನುಷ್ಯನ ಜೀರ್ಣಶಕ್ತಿ, ಮಾನ್ವಿಯ ನೀರಿನ ಗುಣ, ಬಾಡಿಗೆ ಮನೆಯ ಕಿಟಕಿಗಳು ಯಾವ ದಿಕ್ಕಿಗಿವೆ, ಒಂದನ್ನೂ ಬಿಡಲಿಲ್ಲ. ಕಲ್ಮಲ ದಾಟಿ ಬಹಳ ಹೊತ್ತಾದ ಮೇಲೆ ನಾನು ಉಸಿರು ತೆಗೆದುಕೊಂಡಾಗ ಮಾವ ಹೇಳಿದರು:

“ಮಾಸ್ತರ, ದೇವದುರ್ಗಕ್ಕ ಹೋಗುವಾಗನ ಹೇಳೀನಲ್ರೀ, ಇವತ್ತ ಬೇಕಾದ್ರ ಕರಕೊಂಡು ಹೋಗ್ರಿ ಅಂತ. ಒಲ್ಲೆ ಅಂದಾಕಿ ನಿಮ್ಮ ಹೆಂಡತಿ.”

ಹಿಂದೆ ಮಂಚದ ಮೇಲೆ ಕೂತಿದ್ದ ಗಿರಿಜಾಳ ಕಡೆ ತಿರುಗಿದೆ. ಅವಳು ಸೆರಗು ಸರಿಮಾಡಿಕೊಂಡು, ಅಪ್ಪನನ್ನು ನೋಡಿ ಹೇಳಿದಳು:

“ಬರ್ತೀನಿ ಯಪ್ಪಾ. ಈ ಕೂಲರ್ ನನಗ ಕೊಡು. ಆದ್ರ ಆ ರಬ್ಬರ್ ತಗದು ಕೊಡು.”

ರಬ್ಬರು ಯಾಕೆ ತೆಗೆಯಬೇಕು ಎಂದು ನಾನು ಕೇಳಿದೆ. ಅಷ್ಟು ಕಷ್ಟಪಟ್ಟು ಹಾಕಿದ್ದೆ.

“ರಾಯಚೂರು ಬಿಟ್ಟಾಗಿಂದ ನೀವೊಬ್ಬರ ಮಾತಾಡಾಕತ್ತೀರಿ. ಕೂಲರಿಗಾದ್ರ ಗುಂಡಿ ಅದ.”

ಮಾವ ಕಿಟಕಿಯ ಹೊರಗಿನ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅದೇ ವಾರ ಫಿಟ್ಟರ ಮನೆಯ ಕರೆಂಟಿಗೆ ಹೊಂದುವಂತೆ ಮೋಟರು ಬದಲಿಸಿ, ನನ್ನ ಬಾಡಿಗೆ ಮನೆಯ ಕಿಟಕಿಯ ಹೊರಗಿನ ತಗಡಿನ ಮೇಲೆ ಕೂಲರು ಕೂರಿಸಿದ. ಅದರ ಹಿಂದೆಯೇ ಗಿರಿಜಾ ಬಂದಳು. ಕಾಲುಗಳಿಗೆ ಅಂಟಿಕೊಂಡೇ ಬಂದಿದ್ದ ರಬ್ಬರನ್ನು ನಾನೇ ಕಿತ್ತು ತೆಗೆದೆ. ಒಳಗೆ ಬಂದು, ಇಂಥ ಸದ್ದಿನಿಂದ ಮನುಷ್ಯನ ನರಗಳಿಗೆ ಏನೇನು ಆಗುತ್ತದೆ ಎಂದು ಅವಳಿಗೆ ತಿಳಿಸಿ ಹೇಳಲು ಕೂತೆ. ಅವಳು ಎದ್ದು ಗುಂಡಿ ಒತ್ತಿದಳು.